ಬಾದಾಮಿಯ ನೆರಳಲ್ಲಿ ರಾ, ಬಿಸಿಲಲ್ಲಿ ಜೆಪೆಗ್

ಬಾದಾಮಿಗೆ ಕ್ಯಾಮೆರಾ ಹಿಡಿದು ಹೊರಟವರಿಗೆ ನಾನು ಹೇಳುವುದು ಒಂದೇ ಮಾತು. ಗುಹೆಯ ಮೆಟ್ಟಿಲು ಹತ್ತುವ ಮುಂಚೆ ಫೋಟೋ ಉಳಿಸುವ ಫಾರ್ಮ್ಯಾಟನ್ನು ರಾಗೆ (RAW, ಕ್ಯಾಮೆರಾ ಕಂಡ ಮಾಹಿತಿಯನ್ನೆಲ್ಲ ಹಾಗೇ ಇಡುವ ಫೈಲು) ಬದಲಾಯಿಸಿ.

ಚಳಿಗಾಲದಲ್ಲಿ ಅಕ್ಕನ ಮನೆಯವರ ಜೊತೆ ಹೋಗಿದ್ದೆ. ಗುಹೆಗಳು ಉತ್ತರಕ್ಕೆ ಮುಖ ಮಾಡಿವೆ, ಹಾಗಾಗಿ ಆ ಕಾಲದಲ್ಲಿ ಒಳಗೆ ನೇರ ಬಿಸಿಲು ಬೀಳುವುದಿಲ್ಲ. ಕೆಳಗೆ ಅಗಸ್ತ್ಯ ತೀರ್ಥದ ಕೆರೆ ಥಳಥಳ ಹೊಳೆಯುತ್ತದೆ, ಒಳಗೆ ಮಬ್ಬು.

ಮೂರನೇ ಗುಹೆಯಲ್ಲೇ ಜಾಸ್ತಿ ಹೊತ್ತು ನಿಂತೆವು. ಚಾಲುಕ್ಯರ ಮಂಗಳೇಶ ಇದನ್ನು 578ರಲ್ಲಿ ಮಾಡಿಸಿದ ಅಂತ ಅಲ್ಲಿನ ಶಾಸನವೇ ಹೇಳುತ್ತದೆ. ಮೊಗಸಾಲೆಯ ತುದಿಯಲ್ಲಿ ಆದಿಶೇಷನ ಮೇಲೆ ಕೂತ ವಿಷ್ಣು. ಎಷ್ಟು ನೋಡಿದರೂ ಸಾಲದು. ಮರಳುಗಲ್ಲಿನಿಂದ ಪುಟಿದ ಕೆಂಪು ಬೆಳಕು ಅವನ ಮುಖದ ಮೇಲೆ, ಆಕಾಶದ ನೀಲಿ ಕಂಬಗಳ ಮೇಲೆ. ಕಂಬಗಳಾಚೆ ಕಣ್ಣು ಕೋರೈಸುವ ಬಿಸಿಲು. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಅದಕ್ಕೆ ಕೈಯಲ್ಲೇ ಹಿಡಿದು ತೆಗೆದೆ.

ಇಂಥ ಕಡೆ ಜೆಪೆಗ್ (JPEG, ನಾವು ದಿನಾ ನೋಡುವ ಮಾಮೂಲಿ ಫೋಟೋ ಫೈಲು) ಇಟ್ಟರೆ ಬಣ್ಣ ಹೇಗಿರಬೇಕು ಅಂತ ಕ್ಯಾಮೆರಾನೇ ತೀರ್ಮಾನಿಸಿ, ಉಳಿದ ಮಾಹಿತಿಯನ್ನು ಎಸೆದುಬಿಡುತ್ತದೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ ಮಾತ್ರ. 14 ಬಿಟ್ ರಾದಲ್ಲಿ 16,384. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೆರಳನ್ನು ತಿಳಿಯಾಗಿಸುವಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. ವೈಟ್ ಬ್ಯಾಲೆನ್ಸನ್ನೂ, ಅಂದರೆ ಬೆಳಕಿಗೆ ತಕ್ಕಂತೆ ಬಣ್ಣ ಸರಿದೂಗಿಸುವುದನ್ನೂ, ಆಗಲೇ ನಿಧಾನವಾಗಿ ಸರಿಮಾಡಿದೆ. ಬಾದಾಮಿಯ ಕೆಂಪು ಬಾದಾಮಿಯ ಕೆಂಪಾಗಿಯೇ ಉಳಿಯಬೇಕು, ಅಲ್ವಾ? ಆದರೆ ಪೂರ್ತಿ ಬೆಳ್ಳಗೆ ಸುಟ್ಟುಹೋದ ಆಕಾಶವನ್ನು ರಾ ಕೂಡ ಮರಳಿ ತರಲಾರದು. ಹಾಗಾಗಿ ಹೊರಗಿನ ಬೆಳಕನ್ನು ನೋಡಿಕೊಂಡೇ ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣ) ಇಟ್ಟಿದ್ದೆ.

ಸಂಜೆ ಭೂತನಾಥ ಗುಡಿಯ ಹತ್ತಿರ ಜೆಪೆಗ್‌ಗೆ ಬಂದೆ. ಪಶ್ಚಿಮದ ಬಿಸಿಲು ಗುಡಿಯ ಮುಖಕ್ಕೇ ಬೀಳುತ್ತಿತ್ತು, ಬೆಳಕು ಹದವಾಗಿತ್ತು. ಮಂಗಗಳು ಗೋಡೆಯಿಂದ ಗೋಡೆಗೆ ಹಾರುತ್ತಿದ್ದವು. ಒಂದೇ ಸಮನೆ ಕ್ಲಿಕ್ ಮಾಡುವಾಗ ರಾ ಫೈಲುಗಳ ಭಾರಕ್ಕೆ ಕ್ಯಾಮೆರಾ ಬೇಗ ನಿಧಾನವಾಗುತ್ತದೆ, ಜೆಪೆಗ್‌ನಲ್ಲಿ ಆ ತೊಂದರೆ ಕಡಿಮೆ. "ಮಾಮಾ, ಈಗಲೇ ವಾಟ್ಸಾಪ್‌ಗೆ ಹಾಕಿ" ಅಂತ ಅಕ್ಕನ ಮಗ ಕೇಳಿದಾಗ ಅಲ್ಲೇ ಕಳಿಸಿದೆ. ಚೆನ್ನಾಗಿ ಬಂದ ಬೆಳಕಿಗೆ ಸುಮ್ನೆ ರಾ ತೆಗೆದು ಡಿಸ್ಕ್ ತುಂಬಿಸುವುದು ನನಗೆ ಇಷ್ಟವಿಲ್ಲ.

ಮಾರನೇ ದಿನ ಐಹೊಳೆಯ ದುರ್ಗ ಗುಡಿ. ಸುತ್ತಲಿನ ಪಡಸಾಲೆಯ ಶಿಲ್ಪಗಳ ಮೇಲೆ ಅರ್ಧ ಬಿಸಿಲು, ಅರ್ಧ ನೆರಳು. ಮತ್ತೆ ರಾಗೆ ಹೊರಳಿದೆ.