ಬೊಹಿನ್‌ನಲ್ಲಿ ದ್ವಿವಚನ

ಬೆಳಗ್ಗೆ ಏಳೂವರೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮನೆಯೊಡತಿ ಕೇಳಿದರು: "ಕಾಮ್ ಗ್ರೆಸ್ತಾ?"

ಎಲ್ಲಿಗೆ ಹೊರಟಿರಿ ಅಂತ. ಅಷ್ಟು ತಿಳಿಯಿತು. ಹೊರಡುವ ಮುಂಚೆ ಎರಡು ತಿಂಗಳು ಬೆಂಗಳೂರಿನ ಬಸ್ಸಿನಲ್ಲಿ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸ್ಲೊವೇನಿಯನ್ ಪಾಠ ಕೇಳಿದ್ದೆ. ಆದರೆ ನನಗೆ ಗೊತ್ತಿದ್ದದ್ದು 'ಗ್ರೆಶ್', 'ಗ್ರೆಸ್ತೆ' ಎರಡೇ. ನೀನು ಹೋಗ್ತೀಯ, ನೀವು ಹೋಗ್ತೀರಿ. ಈ 'ಗ್ರೆಸ್ತಾ' ಎಲ್ಲಿಂದ ಬಂತು? ನಾನು ಮಿಕಮಿಕ ನೋಡುತ್ತಿದ್ದದ್ದು ಕಂಡು ಅವರು ಎರಡು ಬೆರಳು ಎತ್ತಿದರು. ಒಂದನ್ನು ನನ್ನ ಕಡೆ ತೋರಿಸಿ, ಇನ್ನೊಂದನ್ನು ಮೆಟ್ಟಿಲ ಮೇಲೆ ಕೂತು ಮೊಣಕಾಲಿಗೆ ಮುಲಾಮು ತಿಕ್ಕುತ್ತಿದ್ದ ಅಕ್ಕನ ಕಡೆ ತೋರಿಸಿದರು. ಇಬ್ಬರಿದ್ದರೆ ಗ್ರೆಸ್ತಾ.

ದ್ವಿವಚನ! ಎಸ್ಸೆಸ್ಸೆಲ್ಸಿಯಲ್ಲಿ ನಾನು ಪ್ರಥಮ ಭಾಷೆಯಾಗಿ ಸಂಸ್ಕೃತ ತೆಗೆದುಕೊಂಡದ್ದು ಕಾಳಿದಾಸನ ಮೇಲಿನ ಪ್ರೀತಿಯಿಂದಲ್ಲ, 125ಕ್ಕೆ 120ರ ಮೇಲೆ ಬರುತ್ತದೆ ಎಂಬ ಆಸೆಯಿಂದ. ಗಚ್ಛಸಿ, ಗಚ್ಛಥಃ, ಗಚ್ಛಥ ಎಂದು ಉರು ಹೊಡೆಯುವಾಗ, ಈ ನಡುವಿನದು ಯಾರಿಗೆ ಬೇಕು ಸಾರ್ ಎಂದು ಕೇಳಿ ಬೈಸಿಕೊಂಡಿದ್ದೆ. ಇಲ್ಲಿ ನೋಡಿದರೆ ಇಪ್ಪತ್ತು ಲಕ್ಷ ಜನ ಅದನ್ನು ದಿನಾ ಬಳಸುತ್ತಾರೆ, ಅದೂ ತಿಂಡಿಯ ಹೊತ್ತಿಗೆ.

ಹೊರಗೆ ಮಳೆ ಹಿಡಿದಿತ್ತು. ಆವತ್ತಿನ ಯೋಜನೆಯಂತೆ ಸಾವಿತ್ಸಾ ಜಲಪಾತದ ಕಡೆಯಿಂದ ಹತ್ತಿ, 1,520 ಮೀಟರ್ ಎತ್ತರದ ಕೋಮ್ನಾ ಎಂಬಲ್ಲಿನ ಗುಡ್ಡದ ಮನೆಯಲ್ಲಿ ರಾತ್ರಿ ತಂಗಬೇಕು. ಹಿಂದಿನ ದಿನ ಮೊಸ್ತ್‌ನಿತ್ಸಾ ಕಮರಿಯಿಂದ ಇಳಿಯುವಾಗಲೇ ಅಕ್ಕನ ಮೊಣಕಾಲು ಕೈಕೊಟ್ಟಿತ್ತು. ನಾನು ಕಿಟಕಿ ನೋಡಿದೆ, ಅಕ್ಕನನ್ನು ನೋಡಿದೆ. "ನಿಕಾಮೊರ್" ಅಂದೆ. ಎಲ್ಲಿಗೂ ಇಲ್ಲ. ಮನೆಯೊಡತಿಗೆ ನಗು ಬಂತು. "ಪೊಚಾಸಿ, ಪೊಚಾಸಿ" ಎನ್ನುತ್ತ ಒಲೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟರು. ನಿಧಾನ, ನಿಧಾನ.

ಇದು 2023ರ ಜೂನ್. ಅಕ್ಕನಿಗೆ ಐವತ್ತೊಂದು, ನನಗೆ ನಲವತ್ತನಾಲ್ಕು. ಅವಳು ಶಿರಸಿಯಲ್ಲಿ ಸೊಸೈಟಿಯ ಲೆಕ್ಕ ಬರೆಯುವವಳು, ಪಾಸ್‌ಪೋರ್ಟ್ ಮಾಡಿಸಿದ್ದೇ ಈ ಪ್ರವಾಸಕ್ಕಾಗಿ. ಯುರೋಪ್ ಅಂದರೆ ಪ್ಯಾರಿಸ್ಸಲ್ಲವಾ ಎಂದು ಮನೆಯಲ್ಲಿ ಎಲ್ಲರೂ ಕೇಳಿದರು. ಸ್ಲೊವೇನಿಯಾ ಅಂದರೆ ಎಲ್ಲಿ ಎಂದು ತೋರಿಸಲು ಭೂಪಟವನ್ನು ಹಿಗ್ಗಿಸಬೇಕಾಯಿತು. ನಮ್ಮ ಉತ್ತರ ಕನ್ನಡ ಜಿಲ್ಲೆಯಂಥವು ಎರಡು ಸೇರಿದರೆ ಒಂದು ಸ್ಲೊವೇನಿಯಾ. 1991ರಲ್ಲಿ ಯುಗೊಸ್ಲಾವಿಯದಿಂದ ಬೇರೆಯಾದ ದೇಶ, ಅರ್ಧಕ್ಕಿಂತ ಹೆಚ್ಚು ಕಾಡು. "ಕಾಡು ನೋಡೋಕೆ ಅಷ್ಟು ದೂರ ಹೋಗ್ಬೇಕಾ ಮಾರಾಯ್ತಿ?" ಎಂದಿದ್ದಳು ಅಕ್ಕ. ಆದರೂ ಬಂದಳು. ಬೆನ್ನಿಗೆ ಹನ್ನೊಂದು ಕೆಜಿಯ ಚೀಲ, ಅದರಲ್ಲಿ ಮೂರು ಕೆಜಿ ಅವಲಕ್ಕಿ, ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ. ಮ್ಯೂನಿಕ್‌ನಿಂದ ರೈಲಲ್ಲಿ ಯೆಸೆನಿತ್ಸೆ, ಅಲ್ಲಿಂದ 1906ರಲ್ಲಿ ಆಸ್ಟ್ರಿಯಾದವರು ಹಾಕಿಸಿದ ಹಳೆಯ ಬೆಟ್ಟದ ಹಳಿಯ ಮೇಲೆ ಬೊಹಿನ್‌ಸ್ಕಾ ಬಿಸ್ತ್ರಿತ್ಸಾ, ಆಮೇಲೆ ಬಸ್ಸು. ಬೊಹಿನ್ ಕಣಿವೆಯ ಸ್ತಾರಾ ಫೂಜಿನಾ ಎಂಬ ಹಳ್ಳಿಯಲ್ಲಿ ಒಂದು ಕೋಣೆ. ಊರಿನ ಹೆಸರಿಗೆ 'ಹಳೇ ಕುಲುಮೆ' ಎಂಬರ್ಥ. ಈಗ ಕೇಳಿಸುವುದು ಹಸುಗಳ ಕೊರಳ ಗಂಟೆ ಮಾತ್ರ.

ಒಲೆಯ ಮೇಲಿಟ್ಟಿದ್ದು ಜ್ಗಾಂತ್ಸಿ. ಬಕ್‌ವೀಟ್ ಹಿಟ್ಟನ್ನು ನೀರಲ್ಲಿ ಬೇಯಿಸಿ, ಎರಡು ಫೋರ್ಕಿನಿಂದ ಕೆದರಿ ಉದುರು ಮಾಡುತ್ತಾರೆ. ಇದರ ಮೇಲೆ ಹಂದಿಯ ಕೊಬ್ಬು ಕರಿದು ಹಾಕುವುದು ಇಲ್ಲಿನ ಪದ್ಧತಿ. ನಮಗೆ ಅದು ಬೇಡವೆಂದಾಗ ಅವರು ಬೇಜಾರು ಮಾಡಿಕೊಳ್ಳದೆ ಬಟ್ಟಲಲ್ಲಿ ಹುಳಿಹಾಲು ತಂದಿಟ್ಟರು. ಅಕ್ಕ ಬೆರಳಿನಿಂದ ರುಚಿ ನೋಡಿದಳು. "ಮೊಸರು!" ಕಲಸಿಕೊಂಡು, ಅಪ್ಪೆಮಿಡಿ ಕಚ್ಚಿಕೊಂಡು ಎರಡು ಸಲ ಹಾಕಿಸಿಕೊಂಡಳು. ಉಪ್ಪಿಟ್ಟಿನ ದೂರದ ಸಂಬಂಧಿ ಎಂಬುದು ಅವಳ ತೀರ್ಪು. ಮನೆಯೊಡತಿ ಒಂದು ಮಿಡಿಯ ತುದಿ ಚೀಪಿ, ಕಣ್ಣಲ್ಲಿ ನೀರು ತಂದುಕೊಂಡು, ಸೇಡು ತೀರಿಸಿಕೊಳ್ಳುವವರ ಹಾಗೆ ಮೊಹಾಂತ್ ಎಂಬ ಚೀಸಿನ ಡಬ್ಬಿ ತೆಗೆದರು. ಬೊಹಿನ್‌ನ ಹೆಮ್ಮೆಯಂತೆ. ಆ ವಾಸನೆಯ ಬಗ್ಗೆ ನಾನು ಬರೆಯುವುದಿಲ್ಲ.

ಹತ್ತು ಗಂಟೆಗೆ ಮಳೆ ಹನಿಗೆ ಇಳಿಯಿತು. ಬೆನ್ನಿಗೆ ಚೀಲವಿಲ್ಲದೆ ನಡೆಯುವುದೇ ಒಂದು ಹಬ್ಬ. ಬೊಹಿನ್ ಸರೋವರದ ಮೂಡಣ ತುದಿಯಲ್ಲಿ ರಿಬ್ಚೆವ್ ಲಾಜ್, ಅಲ್ಲೊಂದು ಕಲ್ಲಿನ ಸೇತುವೆ, ಸೇತುವೆಗೆ ಒತ್ತಿಕೊಂಡೇ ಸಂತ ಯೋಹಾನನ ಹಳೆಯ ಇಗರ್ಜಿ. ಸ್ವಲ್ಪ ಆಚೆ ನಾಲ್ವರ ಪ್ರತಿಮೆ. 1778ರ ಆಗಸ್ಟಿನಲ್ಲಿ ಮೊದಲ ಸಲ ತ್ರಿಗ್ಲಾವ್ ಶಿಖರ ಹತ್ತಿದ ಬೊಹಿನ್‌ನ ನಾಲ್ಕು ಜನ. ತ್ರಿಗ್ಲಾವ್ ಅಂದರೆ ಮೂರು ತಲೆಯದು, 2,864 ಮೀಟರ್, ದೇಶದ ಬಾವುಟದಲ್ಲೂ ಅದೇ. ಒಮ್ಮೆಯಾದರೂ ಹತ್ತದವನು ಸ್ಲೊವೇನಿಯನ್ನನೇ ಅಲ್ಲ ಎನ್ನುತ್ತಾರೆ. ಪ್ರತಿಮೆಯ ಒಬ್ಬಾತ ಕೈ ಚಾಚಿ ಶಿಖರವನ್ನು ತೋರಿಸುತ್ತಿದ್ದಾನೆ. ಅವನು ತೋರಿಸಿದ ಕಡೆ ಮೋಡ ಬಿಟ್ಟರೆ ಏನೂ ಇರಲಿಲ್ಲ.

"ಏನು ತೋರಿಸ್ತಾ ಇದಾನೆ?" ಅಕ್ಕ ಕೇಳಿದಳು.

"ಬೆಟ್ಟ."

"ಎಲ್ಲಿ?"

"ಇರಬೇಕು."

ಮಧ್ಯಾಹ್ನ ಮಳೆ ಪೂರ್ತಿ ನಿಂತ ಮೇಲೆ ಮನೆಯೊಡತಿ ನಮ್ಮನ್ನು ಎರಡು ಮನೆ ಆಚೆಗೆ ಕರೆದುಕೊಂಡು ಹೋದರು. ಅಪ್ಪನ ಜೇನುಪೆಟ್ಟಿಗೆಗಳ ಸುದ್ದಿಯನ್ನು ಅಕ್ಕ ಬೆಳಗ್ಗೆ ಕೈಸನ್ನೆಯಲ್ಲೇ ಹೇಳಿ ಮುಗಿಸಿದ್ದಳು. ಅಲ್ಲಿದ್ದ ಅಜ್ಜನಿಗೆ ಎಂಬತ್ತರ ಮೇಲಾಗಿರಬೇಕು. ಹುಲ್ಲುಗಾವಲಿನ ಅಂಚಿನಲ್ಲಿ ಅವರದೊಂದು ಜೇನುಮನೆ. ಚೆಬೆಲ್ನ್ಯಾಕ್ ಎನ್ನುತ್ತಾರೆ. ನಮ್ಮಲ್ಲಿ ಪೆಟ್ಟಿಗೆಗಳನ್ನು ತೋಟದಲ್ಲಿ ಒಂದೊಂದೇ ಕಾಲಿನ ಮೇಲೆ ಬಿಡಿಬಿಡಿಯಾಗಿ ಇಡುತ್ತೇವಲ್ಲ, ಇಲ್ಲಿ ಮರದ ಒಂದು ಗೂಡಂಗಡಿಯಷ್ಟು ಕೋಣೆ, ಅದರ ಒಂದು ಗೋಡೆ ಪೂರ್ತಿ ಪೆಟ್ಟಿಗೆಗಳದ್ದೇ. ಹುಳುಗಳು ಹೊರಗಿನಿಂದ ಬಂದುಹೋಗುತ್ತವೆ, ಅಜ್ಜ ಒಳಗಿನಿಂದ ಹಿಂಬಾಗಿಲು ತೆಗೆದು ಕಪಾಟಿನಿಂದ ಪುಸ್ತಕ ಎಳೆಯುವ ಹಾಗೆ ಚೌಕಟ್ಟು ಎಳೆಯುತ್ತಾರೆ. "ನೋಡೇ, ಸೊಂಟ ಬಗ್ಗಿಸೋದೇ ಬೇಡ" ಎಂದು ಅಕ್ಕ ನಿಟ್ಟುಸಿರಿಟ್ಟಳು. ಅಪ್ಪನಿಗೆ ಸೊಂಟನೋವು ಬಂದದ್ದು ಅದರಿಂದಲೇ ಎಂಬುದು ಅವಳ ಹಳೆಯ ಸಿದ್ಧಾಂತ.

ಹೊರಗೋಡೆಯಲ್ಲಿ ಪ್ರತಿ ಪೆಟ್ಟಿಗೆಯ ಹಣೆಗೂ ಒಂದು ಚಿತ್ರದ ಹಲಗೆ. ಹದಿನೆಂಟನೆಯ ಶತಮಾನದಿಂದ ಬಂದ ರೂಢಿ. ಒಂದರಲ್ಲಿ ಸತ್ತ ಬೇಟೆಗಾರನನ್ನು ಕರಡಿ ಮೊಲಗಳೆಲ್ಲ ಸೇರಿ ಹೊತ್ತುಕೊಂಡು ಹೋಗುತ್ತಿವೆ. ಇನ್ನೊಂದರಲ್ಲಿ ದೆವ್ವ ಹೆಂಗಸೊಬ್ಬಳ ನಾಲಿಗೆಯನ್ನು ಸಾಣೆಕಲ್ಲಿಗೆ ಹಿಡಿದು ಮಸೆಯುತ್ತಿದೆ. ಅಕ್ಕ ಅದನ್ನು ತುಂಬ ಹೊತ್ತು ನೋಡಿದಳು. "ಗಂಡಸರು ಬರೆದದ್ದು. ಮಸೆಯೋ ಅಗತ್ಯ ಎಲ್ಲಿತ್ತು?" ಎಂದಳು. ನಾನಿದನ್ನು ಅನುವಾದಿಸಲಿಲ್ಲ.

ಅಜ್ಜ ಒಂದು ಚೌಕಟ್ಟು ಎಳೆದು ಕಿಟಕಿಯ ಬೆಳಕಿಗೆ ಹಿಡಿದರು. ಬೂದು ಬಣ್ಣದ ಕಾರ್ನಿಯೋಲನ್ ಜೇನು. ಈ ದೇಶದಲ್ಲಿ ಬೇರೆ ತಳಿ ಸಾಕುವಂತೆಯೇ ಇಲ್ಲ. ನಮ್ಮ ತುಡುವೆಗಿಂತ ದೊಡ್ಡದು, ಆದರೆ ಎಂಥ ಸಾಧು! ಮುಖಪರದೆ ಇಲ್ಲದೆ ಮೂವರೂ ಬಗ್ಗಿ ನೋಡಿದರೂ ಒಂದೂ ಏಳಲಿಲ್ಲ. ನಡುವೆ ರಾಣಿ, ಅದರ ಬೆನ್ನಿನ ಮೇಲೆ ಸಾಸಿವೆಯಷ್ಟು ಹಳದಿ ಚುಕ್ಕೆ. "ಅರಿಶಿಣ ಹಚ್ಚಿದಾರಲ್ಲೇ!" ಎಂದಳು ಅಕ್ಕ. ವರ್ಷಕ್ಕೊಂದು ಬಣ್ಣ, ಹಳದಿ ಅಂದರೆ ಹೋದ ವರ್ಷ, 2022ರ ರಾಣಿ. ಅಜ್ಜ ತಮ್ಮ ದೇಶದ ಆಂತೋನ್ ಯಾನ್ಷಾನ ಕಥೆಯನ್ನೂ ಹೇಳಿದರು. 1734ರ ಮೇ 20ರ ಹೊತ್ತಿಗೆ ಹುಟ್ಟಿ, ಮರಿಯಾ ತೆರೇಸಾ ರಾಣಿಯ ಕಾಲದಲ್ಲಿ ವಿಯೆನ್ನಾದಲ್ಲಿ ಜೇನುಸಾಕಣೆ ಕಲಿಸಿದವನು. ವಿಶ್ವ ಜೇನು ದಿನ ಮೇ 20ಕ್ಕೆ ಬಿದ್ದದ್ದು ಅವನಿಂದ. "ಹೌದಾ? ನಮ್ಮಲ್ಲೂ ಆವತ್ತು ಭಾಷಣ ಇರ್ತದೆ. ಯಾರೂ ಇದನ್ನ ಹೇಳೇ ಇಲ್ಲ ನೋಡು."

ಆಮೇಲೆ ಅಜ್ಜ ಚಮಚದಲ್ಲಿ ಜೇನು ಕೊಟ್ಟರು. "ಮೆದ್" ಅಂದರು. ಸಂಸ್ಕೃತ ಓದದ ಅಕ್ಕನೇ ಮೊದಲು ಹಿಡಿದಳು: "ಮಧು ಅಂದ್ರಾ?" ನನ್ನ 120 ಅಂಕಗಳಿಗೆ ನಾಚಿಕೆಯಾಯಿತು. ಕರಡಿಗೆ ಇವರು ಮೆದ್ವೆದ್ ಎನ್ನುತ್ತಾರೆ, ಜೇನು ತಿನ್ನುವುದು ಅಂತ. ಇಬ್ಬರು ಹೆಂಗಸರು 'ನಾವಿಬ್ಬರು' ಎನ್ನಬೇಕಾದರೆ ಮಿದ್ವೆ. ಅಜ್ಜ ನಮ್ಮನ್ನು ತೋರಿಸಿ 'ಮಿದ್ವೆ' ಎಂದು ಹೇಳಿಕೊಟ್ಟಾಗ ನಾನು ಕರಡಿ ಅಂದರೇನೋ ಎಂದುಕೊಂಡೆ.

ಹಿಂಬಾಗಿಲಿನ ಒಳಗೆ ಪ್ರತಿ ಪೆಟ್ಟಿಗೆಗೂ ಒಂದು ತಂತಿಜಾಲರಿಯ ಕಿಟಕಿ. ಅಕ್ಕ ಅದಕ್ಕೆ ಅಂಗೈ ಇಟ್ಟಳು. ನನ್ನ ಕೈಯನ್ನೂ ಎಳೆದು ಇಟ್ಟಳು. ಮಳೆಯ ತಣ್ಣನೆ ದಿನದಲ್ಲೂ ಅಲ್ಲಿ ಬೆಚ್ಚಗಿತ್ತು, ಜ್ವರ ಬಂದ ಮಗುವಿನ ಹಣೆಯಷ್ಟು. ಆಮೇಲೆ ಅವಳು ಕಿವಿ ಆನಿಸಿ, ಬೆರಳಿನ ಗೆಣ್ಣಿನಿಂದ ಮೆಲ್ಲಗೆ ಒಂದು ಸಲ ತಟ್ಟಿದಳು. ಒಳಗಿನ ಗುಂಯ್‌ಗುಟ್ಟುವಿಕೆ ಒಮ್ಮೆ ಏರಿ ಇಳಿಯಿತು. ಅಜ್ಜ ಅವಳನ್ನು ಬೇರೆ ಥರ ನೋಡಿದರು. ಈ ಹೆಂಗಸು ಪ್ರವಾಸಿಯಲ್ಲ ಎಂಬಂತೆ.

ಅದು ಅಪ್ಪನ ತಟ್ಟು. ಒಳಗೆ ರಾಣಿ ಇದ್ದಾಳೋ ಇಲ್ಲವೋ ಎಂದು ಅವರು ಹಾಗೆಯೇ ಕೇಳಿಸಿಕೊಳ್ಳುತ್ತಿದ್ದರು. ತೆಂಗಿನ ನಾರಿನ ಹೊಗೆ ಹಾಕುವುದು ಅಕ್ಕನ ಕೆಲಸ, ಮುಚ್ಚಳ ಹಿಡಿದುಕೊಂಡು ನಿಲ್ಲುವುದು ನನ್ನದು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಕರ್ನಾಟಕದ ತುಡುವೆ ಜೇನು ಬಹುಪಾಲು ನಾಶವಾಯಿತಲ್ಲ, ಆಗ ನಮ್ಮವೂ ಹೋದವು. ದಿನಾ ಬೆಳಗ್ಗೆ ಪೆಟ್ಟಿಗೆಯ ಬಾಗಿಲಲ್ಲಿ ಸತ್ತ ಮರಿಗಳು. ಹದಿನೆಂಟು ಪೆಟ್ಟಿಗೆಗಳಲ್ಲಿ ಒಂದೂ ಉಳಿಯಲಿಲ್ಲ. ಮಾರನೆಯ ವರ್ಷ ಅಕ್ಕನ ಮದುವೆ. ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದವು. ಅವಳು ಹೊಗೆಡಬ್ಬಿ ಹಿಡಿದದ್ದನ್ನು ನಾನು ಆಮೇಲೆ ನೋಡಿಲ್ಲ.

ಆಮೇಲೆ ನಾವಿಬ್ಬರೇ ಇದ್ದದ್ದು ಯಾವಾಗ? ಸಂಜೆ ಸರೋವರದ ದಂಡೆಯಲ್ಲಿ ಕೂತು ಲೆಕ್ಕ ಹಾಕಿದೆವು. ಮದುವೆ, ಮುಂಜಿ, ಬಾಣಂತನ, ಅಪ್ಪನ ಕಾರ್ಯ, ಎಲ್ಲ ಕಡೆ ಇದ್ದೆವು. ಆದರೆ ಎಲ್ಲ ಕಡೆಯೂ ಬಹುವಚನ. ಸುತ್ತ ಹತ್ತು ಜನ, ಕೈಯಲ್ಲಿ ಸೌಟು. ಅಕ್ಕ ತುಂಬ ಯೋಚಿಸಿ 1998 ಎಂದಳು. ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ, ಶಿರಸಿ ಬಸ್ಸು ಕೆಟ್ಟು, ಮೂರು ತಾಸು. "ಆವತ್ತು ಗಿರಮಿಟ್ ತಿಂದಿದ್ವಲ್ಲ?" ನನಗೆ ನೆನಪಿರಲಿಲ್ಲ. ಅವಳಿಗೆ ಗಿರಮಿಟ್ಟಿಗೆ ಯಾರು ದುಡ್ಡು ಕೊಟ್ಟರೆಂಬುದೂ ನೆನಪಿತ್ತು.

ಬೊಹಿನ್ ಸರೋವರ ಹಿಮನದಿ ಕೊರೆದ ಗುಂಡಿ, ನಾಲ್ಕು ಕಿಲೋಮೀಟರಿಗೂ ಉದ್ದ. ಹತ್ತಿರದ ಬ್ಲೆಡ್ ಸರೋವರದ ಹಾಗೆ ನಡುವೆ ದ್ವೀಪವಿಲ್ಲ, ದ್ವೀಪದ ಮೇಲೆ ಇಗರ್ಜಿಯಿಲ್ಲ, ಹಾಗಾಗಿ ಫೋಟೋದವರ ನೂಕುನುಗ್ಗಲೂ ಕಡಿಮೆ. ಬರೀ ನೀರು, ಸುತ್ತ ಕಡಿದಾದ ಕಾಡು. ಅಕ್ಕ ಸೀರೆ ಉಡದೆ ಪ್ಯಾಂಟ್ ಹಾಕಿದ್ದ ಮೂರನೇ ದಿನ ಅದು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಬಾತ ಕಾಲನ್ನು ನೀರಿಗಿಳಿಸಿ, "ಅಯ್ಯಯ್ಯೋ" ಎಂದು ಕೂಗಿದಳು. ಆ ನೀರಿನ ಚಳಿ ಯಾವ ಮುಲಾಮಿಗೂ ಕಡಿಮೆಯಲ್ಲ. ನಾನು ಅವಲಕ್ಕಿಗೆ ಚಟ್ನಿಪುಡಿ, ಅಜ್ಜನ ಮೆದ್ ಎರಡನ್ನೂ ಕಲಸಿದೆ. ಕತ್ತಲಾಗಲು ಒಂಬತ್ತೂವರೆ ಬೇಕು, ಅವಸರವೇನಿತ್ತು. ಒಂದು ಬಾತುಕೋಳಿ ಬಂದು ನಮ್ಮ ಅವಲಕ್ಕಿಯನ್ನು ಪರಿಶೀಲಿಸಿ, ಒಪ್ಪದೆ ಹೋಯಿತು.

ಕೋಮ್ನಾಕ್ಕೆ ನಾವು ಹೋಗಲೇ ಇಲ್ಲ. ಮಾರನೆಯ ದಿನ ಸಾವಿತ್ಸಾವರೆಗೂ ಬಸ್ಸು, ಅಲ್ಲಿ ಮೆಟ್ಟಿಲ ಬುಡದಲ್ಲಿ ಅಕ್ಕನನ್ನು ಕೂರಿಸಿ ನಾನೊಬ್ಬಳೇ 78 ಮೀಟರಿನ ಜಲಪಾತ ನೋಡಿ ಬಂದೆ. ಚೆನ್ನಾಗಿತ್ತು. ಜೋಗದ ಪಕ್ಕದವರಿಗೆ ಇದಕ್ಕಿಂತ ಹೆಚ್ಚು ಹೇಳಲಾಗುವುದಿಲ್ಲ.

ಹೊರಟದ್ದು ಅದರ ಮಾರನೆಯ ಬೆಳಗ್ಗೆ. ಮನೆಯೊಡತಿ ಒಂದು ಬಾಟಲಿ ಜೇನು ಕೊಟ್ಟರು. ಅಕ್ಕ ಉಳಿದ ಅಪ್ಪೆಮಿಡಿಯನ್ನೆಲ್ಲ ಅಲ್ಲೇ ಬಿಟ್ಟಳು. ಬಸ್ಸು ರಿಬ್ಚೆವ್ ಲಾಜ್‌ನಲ್ಲಿ ನಿಂತಾಗ ಅವಳು ಮಡಿಲಲ್ಲಿ ಬಾಟಲಿ ಇಟ್ಟುಕೊಂಡು, ಬಾಯಿ ತೆರೆದು ನಿದ್ದೆ ಹೋಗಿದ್ದಳು. ನಾನು ಹೊರಗೆ ನೋಡಿದೆ. ನಾಲ್ವರ ಪ್ರತಿಮೆಯ ಮೇಲೆ ಆಕಾಶ ತೊಳೆದಿಟ್ಟ ಹಾಗಿತ್ತು. ಆತ ಬೆರಳು ಮಾಡಿದ ಕಡೆ ಬೂದುಬಣ್ಣದ ದೊಡ್ಡ ತಲೆಯೊಂದು, ನೆರಿಗೆಗಳಲ್ಲಿ ಇನ್ನೂ ಹಿಮ.

ಅಕ್ಕನ ತೋಳು ಮುಟ್ಟಲು ಕೈಯೆತ್ತಿದೆ. ಬಾಟಲಿ ಜಾರುತ್ತಿತ್ತು. ಅದನ್ನು ಹಿಡಿದುಕೊಂಡೆ, ಅವಳನ್ನು ಎಬ್ಬಿಸಲಿಲ್ಲ.