ನಾಲ್ಕನೇ ಮಹಡಿಯಿಂದ ತಾನಾಗೇ ಇಳಿದು ಬಂದ ವಾಷಿಂಗ್ ಮೆಷಿನ್

ಬರ್ಲಿನ್‌ನಲ್ಲಿ ಬಾಡಿಗೆ ಮನೆ ಸಿಕ್ಕಿತು ಅಂತ ಊರಿಗೆ ಫೋನ್ ಮಾಡಿದಾಗ ಅಮ್ಮ ಮೊದಲು ಕೇಳಿದ್ದು, "ಅಡುಗೆಮನೆ ಹೇಗಿದೆ?" ಅಡುಗೆಮನೆಯೇ ಇರಲಿಲ್ಲ. ಅಂದರೆ ಕೋಣೆ ಇತ್ತು, ಗೋಡೆಯಲ್ಲಿ ನೀರಿನ ಪೈಪು ಇತ್ತು, ಅಷ್ಟೇ. ಇಲ್ಲಿ ಎಷ್ಟೋ ಬಾಡಿಗೆ ಮನೆಗಳು ಹೀಗೇ ಬರುತ್ತವೆ. ಸಿಂಕು, ಒಲೆ, ಕಪಾಟು ಎಲ್ಲವನ್ನೂ ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ. ಕೆಲವು ಸಲ ದೀಪವನ್ನೂ ಬಿಡುವುದಿಲ್ಲ, ಸೂರಿನಿಂದ ವೈರು ಮಾತ್ರ ಜೋತಾಡುತ್ತಿರುತ್ತದೆ. ಎಲ್ಲವನ್ನೂ ಹೊಸದೇ ತರಲು ಕೈ ಬರಲಿಲ್ಲ. ಹೊಸದಾಗಿ ಬಂದವರೆಲ್ಲರ ಹಾಗೆ ನಾನೂ ಸೆಕೆಂಡ್ ಹ್ಯಾಂಡ್ ಸಾಮಾನಿನ ಬೆನ್ನು ಹತ್ತಿದೆ.

ಮೇಜು, ಕುರ್ಚಿ, ಮಂಚ ಸಲೀಸಾಗಿ ಬಂದವು. ಕಥೆ ಇರುವುದು ವಾಷಿಂಗ್ ಮೆಷಿನ್‌ನಲ್ಲಿ.

ಜಾಹೀರಾತಿನಲ್ಲಿ ಹೀಗಿತ್ತು: ಮೂರು ವರ್ಷ ಹಳೆಯದು, ಚೆನ್ನಾಗಿ ಕೆಲಸ ಮಾಡುತ್ತದೆ, 120 ಯೂರೊ, ಫೌ-ಬೇ. ಫೌ-ಬೇ ಅಂದರೆ ಚೌಕಾಸಿಗೆ ಜಾಗ ಇದೆ ಅಂತ. ಮಾರುವವನ ಮನೆ ವೆಡಿಂಗ್ ಅನ್ನುವ ಬಡಾವಣೆ ಕಡೆ, ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಗೆಳೆಯನನ್ನು ಕಾಡಿ ಬೇಡಿ ಕರೆದುಕೊಂಡು, ಬಾಡಿಗೆ ವ್ಯಾನಿನಲ್ಲಿ ಹೋದೆ. ದಾರಿಯುದ್ದಕ್ಕೂ ಇಬ್ಬರಿಗೂ ಆ ಮೆಟ್ಟಿಲುಗಳದ್ದೇ ಯೋಚನೆ.

ಹೋಗಿ ನೋಡಿದರೆ ಮೆಷಿನ್ ಕೆಳಗೇ ಇತ್ತು! ಬಾಗಿಲ ಹತ್ತಿರ, ಟಪಾಲು ಡಬ್ಬಿಗಳ ಪಕ್ಕ, ಒರೆಸಿ ಥಳಥಳ ಮಾಡಿ ನಿಲ್ಲಿಸಿದ್ದ. "ನಿಮಗ್ಯಾಕೆ ತೊಂದರೆ ಅಂತ ನಾವೇ ಇಳಿಸಿಬಿಟ್ಟೆವು" ಅಂದ. ನಮಗೆ ಕಾಲಿಗೆ ಬೀಳುವುದೊಂದು ಬಾಕಿ. ಚೌಕಾಸಿ ಮಾಡಲು ನಾಲಿಗೆ ಏಳಲಿಲ್ಲ. 120 ಎಣಿಸಿ ಕೈಗಿಟ್ಟೆ. ವಾಪಸ್ ಬರುವಾಗ ಗೆಳೆಯ, "ನೋಡು, ಎಂಥಾ ಜನ" ಅಂದ. ನಾನೂ ಹೌದು ಅಂದೆ.

ಭಾನುವಾರ ಬೆಳಗ್ಗೆ ಮೊದಲ ಸಲ ಬಟ್ಟೆ ಹಾಕಿದೆ. ನೀರು ತುಂಬಿತು, ಡ್ರಮ್ ಮೆಲ್ಲಗೆ ಆ ಕಡೆ ಈ ಕಡೆ ತಿರುಗಿತು. ಆಮೇಲೆ ಬಟ್ಟೆ ಹಿಂಡಲು ಶುರುವಾಯಿತು ನೋಡಿ, ಲಾರಿಯಿಂದ ಜಲ್ಲಿ ಸುರಿದ ಹಾಗೆ ಸದ್ದು. ಮೆಷಿನ್ ನಿಂತ ಜಾಗದಿಂದ ಒಂದು ಗೇಣು ಮುಂದಕ್ಕೆ ನಡೆದುಕೊಂಡು ಬಂತು. ಎರಡೇ ನಿಮಿಷಕ್ಕೆ ಕೆಳಗಿನ ಮನೆಯವರು ಬೆಲ್ ಮಾಡಿದರು. ಇಲ್ಲಿ ಭಾನುವಾರ ಇಡೀ ದಿನ ಸದ್ದು ಮಾಡಬಾರದು ಅನ್ನುವ ನಿಯಮ ಇದೆ. ಅದನ್ನು ನಾನು ಕಲಿತದ್ದು ಹಾಗೆ, ಸೋಪಿನ ಕೈಯಲ್ಲಿ ಬಾಗಿಲಲ್ಲಿ ನಿಂತು.

ರಿಪೇರಿಯವನು ಬಂದು ಡ್ರಮ್ಮನ್ನು ಒಳಗಿಂದ ಕೈಯಲ್ಲಿ ಮೇಲಕ್ಕೆತ್ತಿದ. ಅದು ಲಟಲಟ ಅಂತು. "ಬೇರಿಂಗ್ ಹೋಗಿದೆ, ಇದಕ್ಕೆ ದುಡ್ಡು ಹಾಕಬೇಡಿ" ಅಂದ. ಆಮೇಲೆ ಬಾಗಿಲಿನ ಅಂಚಿನಲ್ಲಿದ್ದ ಲೇಬಲ್ಲನ್ನು ಹೆಬ್ಬೆರಳಲ್ಲಿ ಉಜ್ಜಿ ತೋರಿಸಿದ: ಎಫ್‌ಡಿ 8906. ಬಾಷ್, ಸೀಮೆನ್ಸ್ ಮೆಷಿನ್‌ಗಳಲ್ಲಿ ತಯಾರಾದ ಕಾಲ ಹೇಳುವ ಈ ನಂಬರ್ ಇರುತ್ತದೆ. ಮೊದಲ ಎರಡು ಅಂಕಿಗೆ 20 ಕೂಡಿಸಬೇಕು. 89 ಮತ್ತು 20, 109. ಅದನ್ನು 1900ಕ್ಕೆ ಸೇರಿಸಿದರೆ 2009. ಕೊನೆಯ 06 ಅಂದರೆ ಜೂನ್ ತಿಂಗಳು. ನಾನು ಕೊಂಡದ್ದು 2022ರಲ್ಲಿ. ಮೂರು ವರ್ಷದ ಕೂಸಿಗೆ ಹದಿಮೂರು ತುಂಬಿತ್ತು.

ಜಾಹೀರಾತಿನ ಕೆಳಗೆ ಒಂದು ಸಾಲು ಇತ್ತು: ಖಾಸಗಿ ಮಾರಾಟ, ಗ್ಯಾರಂಟಿ ಇಲ್ಲ, ವಾಪಸ್ ಇಲ್ಲ. ಇಲ್ಲಿ ಹತ್ತು ಯೂರೊದ ಮೇಜುದೀಪ ಮಾರುವವರೂ ಇದನ್ನು ಮಂತ್ರದ ಹಾಗೆ ಬರೆಯುತ್ತಾರೆ. ಅದನ್ನು ಓದಿ ಕಥೆ ಮುಗಿಯಿತು ಅಂದುಕೊಂಡೆ. ಆಫೀಸಿನ ಗೆಳತಿ ಇಲ್ಲ ಅಂದಳು. ಜರ್ಮನಿಯ ಸಿವಿಲ್ ಕಾನೂನಿನ 444ನೇ ಕಲಮಿನ ಪ್ರಕಾರ, ದೋಷ ಗೊತ್ತಿದ್ದೂ ಬೇಕಂತಲೇ ಮುಚ್ಚಿಟ್ಟರೆ ಆ ಮಂತ್ರ ಮಾರಿದವನನ್ನು ಕಾಪಾಡುವುದಿಲ್ಲ. "ಗಡುವು ಕೊಟ್ಟು ರಿಜಿಸ್ಟರ್ ಪತ್ರ ಬರಿ. ಜಾಹೀರಾತಿನ ಸ್ಕ್ರೀನ್‌ಶಾಟ್ ಇದೆ ಅಲ್ವಾ?" ಅಂತ ಕೇಳಿದಳು.

ಇರಲಿಲ್ಲ. ಜಾಹೀರಾತು ಆವತ್ತು ರಾತ್ರಿಯೇ ಮಾಯವಾಗಿತ್ತು. ರಸೀದಿಯೂ ಇಲ್ಲ. ಸರಿ, ವಿಳಾಸ ಗೊತ್ತಲ್ಲ, ಪತ್ರವನ್ನಾದರೂ ಹಾಕೋಣ ಅಂತ ಸಂಜೆ ಮತ್ತೆ ಅಲ್ಲಿಗೆ ಹೋದೆ. ಇಲ್ಲಿ ಕಟ್ಟಡದ ಒಳಗಿನ ಮನೆಗಳಿಗೆ ನಂಬರ್ ಇರುವುದು ಕಡಿಮೆ. ಬೆಲ್ಲಿನ ಪಕ್ಕ ಮನೆತನದ ಹೆಸರು ಇರುತ್ತದೆ, ಅದೇ ವಿಳಾಸ. ಆ ಕಟ್ಟಡದ ಬಾಗಿಲಲ್ಲಿ ಹದಿನೆಂಟು ಬೆಲ್ಲು ಇದ್ದವು. ಅವನ ಹೆಸರು ನನಗೆ ಗೊತ್ತಿರಲಿಲ್ಲ. ನಾಲ್ಕನೇ ಮಹಡಿಯ ಬಾಗಿಲನ್ನು ನಾನು ನೋಡಿಯೇ ಇರಲಿಲ್ಲವಲ್ಲ. ಅವನು ಅಲ್ಲಿ ಇದ್ದನೋ ಇಲ್ಲವೋ ಅದೂ ಗೊತ್ತಿಲ್ಲ. ಟಪಾಲು ಡಬ್ಬಿಗಳ ಪಕ್ಕ ನಿಂತಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಅಲ್ಲಿ ನಲ್ಲಿಯೂ ಇಲ್ಲ, ಪ್ಲಗ್ಗೂ ಇಲ್ಲ. ಓಡಿಸಿ ತೋರಿಸಿ ಅಂತ ಕೇಳುವ ಹಾಗೇ ಇರಲಿಲ್ಲ. ಅವನು ಉಳಿಸಿದ್ದು ನನ್ನ ಬೆನ್ನನ್ನಲ್ಲ.

ಊರಲ್ಲಿ ತೆಂಗಿನಕಾಯಿಯನ್ನೂ ಕಿವಿ ಹತ್ತಿರ ಅಲ್ಲಾಡಿಸಿ ಕೊಳ್ಳುವವನು ನಾನು. ಇಲ್ಲಿ ಯಾಕೆ ಹೀಗಾಯಿತು? ದಾಕ್ಷಿಣ್ಯ. ಬಾಯಿಗೆ ಬರುವ ನಾಲ್ಕು ಮುರುಕು ಜರ್ಮನ್ ವಾಕ್ಯದಲ್ಲಿ "ಓಡಿಸಿ ತೋರಿಸಿ" ಅಂದರೆ, ನೀನು ಸುಳ್ಳ ಅಂದ ಹಾಗಾಗುತ್ತದೇನೋ ಅನ್ನುವ ಅಳುಕು. ಹೊಸದಾಗಿ ಬಂದವರಲ್ಲಿ ಈ ಅಳುಕು ಇರುತ್ತದೆ ಅಂತ ಇಂಥವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಆಮೇಲೆ ಸ್ವಲ್ಪ ಬುದ್ಧಿ ಬಂತು. "ಬಾಸ್ಟ್ಲರ್‌ಗಳಿಗೆ", ಅಂದರೆ ಬಿಚ್ಚಿ ಜೋಡಿಸುವ ಹವ್ಯಾಸ ಇರುವವರಿಗೆ ಅಂತ ಬರೆದಿದ್ದರೆ ಅದು ಕೆಟ್ಟದ್ದು ಅಂತಲೇ ಅರ್ಥ. ಒಬ್ಬನ ಹೆಸರಲ್ಲೇ ಆರು ಫ್ರಿಜ್ ಮಾರಾಟಕ್ಕಿದ್ದರೆ ಅವನು ಬಹುಶಃ ವ್ಯಾಪಾರಿ. ವ್ಯಾಪಾರಿ ಆದವನು ಗಿರಾಕಿಗೆ ಹಳೆ ಸಾಮಾನು ಮಾರಿದರೂ ದೋಷದ ಹೊಣೆಯಿಂದ ಪೂರ್ತಿ ನುಣುಚಿಕೊಳ್ಳುವ ಹಾಗಿಲ್ಲ, ಅದಕ್ಕೇ ಕೆಲವರು ಖಾಸಗಿಯವರ ವೇಷ ಹಾಕುತ್ತಾರೆ. ನೋಡುವ ಮೊದಲೇ ದುಡ್ಡು ಕಳಿಸು ಅನ್ನುವವರಿಗೆ ನಾನು ಉತ್ತರವನ್ನೇ ಕೊಡುವುದಿಲ್ಲ.

ಸೈಕಲ್ ವಿಷಯದಲ್ಲಿ ಮಾತ್ರ ಸ್ವಲ್ಪದರಲ್ಲೇ ಬಚಾವಾದೆ. ಸ್ಟೇಷನ್ ಹೊರಗೆ ಒಬ್ಬ ಹುಡುಗ ಒಳ್ಳೆ ಸೈಕಲ್ಲನ್ನು 90 ಯೂರೊಗೆ ಕೊಡುತ್ತೇನೆ ಅಂದ. ಕೂತು ನೋಡಿದೆ, ಬೆಣ್ಣೆಯ ಹಾಗೆ ಓಡಿತು. ಬಗ್ಗಿ ಪೆಡಲ್ ಹತ್ತಿರ ಫ್ರೇಮಿನ ಅಡಿ ನೋಡಿದರೆ, ನಂಬರ್ ಇರಬೇಕಾದ ಜಾಗವನ್ನು ಅರದಿಂದ ಉಜ್ಜಿದ್ದರು. ಇಲ್ಲಿ ಕದ್ದ ಮಾಲನ್ನು ಗೊತ್ತಿಲ್ಲದೆ ಕೊಂಡರೂ ಅದು ನಮ್ಮದಾಗುವುದಿಲ್ಲ. ಕಳಕೊಂಡವರು ಸಿಕ್ಕರೆ ಸೈಕಲ್ ಅವರಿಗೆ, ನಮ್ಮ ದುಡ್ಡು ನೀರಿಗೆ. "ರಸೀದಿ ಬರೆದು ಕೊಡ್ತೀಯಾ?" ಅಂತ ಕೇಳಿದೆ. ಅವನು ಸೈಕಲ್ ಹತ್ತಿ ಹೊರಟೇಹೋದ.

ಎರಡನೇ ವಾಷಿಂಗ್ ಮೆಷಿನ್ ಸಿಕ್ಕಿದ್ದು ಸ್ಟೆಗ್ಲಿಟ್ಸ್‌ನ ಒಬ್ಬ ಅಜ್ಜಿಯ ಮನೆಯಲ್ಲಿ. 70 ಯೂರೊ, ಚೌಕಾಸಿ ಇಲ್ಲ ಅಂತ ಮೊದಲೇ ಹೇಳಿದ್ದರು. ಓಡಿಸಿ ತೋರಿಸಿ ಅಂತ ಕೇಳಲು ಟ್ರೇನಿನಲ್ಲಿ ವಾಕ್ಯ ಉರುಹೊಡೆದುಕೊಂಡು ಹೋಗಿದ್ದೆ. ಬಾಯಿ ತೆರೆಯುವ ಮೊದಲೇ ಅವರು ಎರಡು ಟವೆಲ್ ಒಳಗೆ ಹಾಕಿ ಬಟನ್ ಒತ್ತಿದರು. ಅರ್ಧ ಗಂಟೆ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದೆವು. ಹಿಂಡುವ ಹೊತ್ತಿಗೆ ಅಜ್ಜಿ ಬೆರಳೆತ್ತಿ "ಕೇಳಿ" ಅಂದರು. ಎಲ್ಲೋ ಒಳಗೆ ಸಣ್ಣಗೆ ಟಿಕ್ ಟಿಕ್. "ನಾಣ್ಯ ಇರಬೇಕು, ತೆಗೆಸಿಲ್ಲ" ಅಂದರು.

ಆಮೇಲೆ ಕನ್ನಡಕ ಹಾಕಿಕೊಂಡು ಎರಡು ಹಾಳೆಯಲ್ಲಿ ಒಂದೇ ಥರ ಬರೆದರು. ಹೆಸರು, ವಿಳಾಸ, ತಾರೀಖು, 70 ಯೂರೊ. ಕೊನೆಗೆ, ಡ್ರಮ್ಮಿನಲ್ಲಿ ಟಿಕ್ ಟಿಕ್ ಸದ್ದು ಇದೆ, ಕೊಳ್ಳುವವರಿಗೆ ತಿಳಿಸಲಾಗಿದೆ. ನನ್ನ ಸಹಿ ಹಾಕಿಸಿಕೊಂಡು, ಒಂದು ಹಾಳೆಯನ್ನು ಮಡಿಸಿ ತಮ್ಮ ಫೈಲಿಗೆ ಸೇರಿಸಿದರು. ಅಜ್ಜಿಗೂ ನನ್ನ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ.