ಪೆಟ್ಟಿಗೆ ಎಷ್ಟು ಸಲ ಮುಚ್ಚಬೇಕು?

ಬೆಳಗ್ಗೆ ಹಲ್ಲುಜ್ಜುವ ಹೊತ್ತಿಗೆ ಕಸ್ಟಮರ್ ಫೋನ್ ಬಂತು ಅಂದರೆ ನಮ್ಮ ಕೆಲಸದಲ್ಲಿ ಅದು ಒಳ್ಳೆ ಸುದ್ದಿ ಆಗಿರುವುದಿಲ್ಲ. ಅವತ್ತು ಫೋನ್ ಮಾಡಿದ್ದು ಒಬ್ಬರು ರಿಟೈರ್ಡ್ ಮೇಷ್ಟ್ರು. ಹೆಂಡತಿ, ಮಗಳ ಜೊತೆ ಪ್ಯಾರಿಸ್‌ನಲ್ಲಿದ್ದರು. ಅಲ್ಲಿ ಆಗ ರಾತ್ರಿ ಮೂರು ಗಂಟೆ.

"ಏನಮ್ಮಾ, ಇಲ್ಲಿ ಮೆಟ್ರೋ ಬಾಗಿಲು ಹಾಕಿದೆಯಲ್ಲ. ಮೆಟ್ರೋ ಹಿಡಿದು ಏರ್‌ಪೋರ್ಟ್ ಬಸ್ ಹತ್ರ ಹೋಗಿ ಅಂತ ನೀವೇ ಬರೆದುಕೊಟ್ಟಿದ್ದೀರಿ."

ಹೌದು, ಬರೆದುಕೊಟ್ಟಿದ್ದು ನಾನೇ. ಟ್ರಾವೆಲ್ ಆಫೀಸಿನಲ್ಲಿ ಯೂರೋಪ್ ಪ್ಲಾನ್ ಮಾಡುವುದು ನನ್ನ ಕೆಲಸ. ಗುಂಪಿನ ಟೂರ್ ಬೇಡ, ನಾವೇ ಸುತ್ತುತ್ತೇವೆ, ಆದರೆ ಕಡಿಮೆ ಖರ್ಚಿನಲ್ಲಿ ಮುಗಿಯಬೇಕು ಅನ್ನುವವರಿಗೆ ಯಾವ ದಿನ ಎಲ್ಲಿ, ಯಾವ ರೈಲು, ಯಾವ ಹೋಟೆಲ್ ಅಂತ ಬರೆದುಕೊಡುತ್ತೇನೆ. ಆಗ ನನಗೆ ಈ ಕೆಲಸದಲ್ಲಿ ಎರಡನೇ ವರ್ಷ. ಮೇಷ್ಟ್ರಿಗೆ 12 ದಿನದಲ್ಲಿ ಏಳು ಊರು ಕೂಡಿಸಿಕೊಟ್ಟಿದ್ದೆ. ಆಮ್‌ಸ್ಟರ್‌ಡಾಮ್, ಬ್ರಸೆಲ್ಸ್, ಪ್ಯಾರಿಸ್, ರೋಮ್, ಫ್ಲಾರೆನ್ಸ್, ವೆನಿಸ್, ಜ್ಯೂರಿಕ್. ಪ್ಯಾರಿಸ್‌ನಿಂದ ರೋಮ್‌ಗೆ ಒಬ್ಬರಿಗೆ ಬರೀ 25 ಯೂರೋ ವಿಮಾನ ಹುಡುಕಿದ್ದೆ. ಆಫೀಸಿನಲ್ಲಿ ಎಲ್ಲರಿಗೂ ತೋರಿಸಿಕೊಂಡು ಓಡಾಡಿದ್ದೂ ಆಗಿತ್ತು.

ಆ ವಿಮಾನ ಹೊರಡುವುದು ಬೋವೆ ಏರ್‌ಪೋರ್ಟ್‌ನಿಂದ. ಹೆಸರಿನಲ್ಲಿ ಪ್ಯಾರಿಸ್ ಇದೆ, ಆದರೆ ಪ್ಯಾರಿಸ್‌ನಿಂದ ಸುಮಾರು 85 ಕಿಲೋಮೀಟರ್ ದೂರ. ವಿಮಾನ ಬೆಳಗ್ಗೆ ಆರೂವರೆಗೆ. ಅಲ್ಲಿಗೆ ಹೋಗುವ ಬಸ್ ಹಿಡಿಯಬೇಕಾದರೆ ರಾತ್ರಿ ಮೂರೂವರೆಗೇ ಬಸ್ ಹತ್ತಿರ ಇರಬೇಕು. ಪ್ಯಾರಿಸ್ ಮೆಟ್ರೋ ಮಧ್ಯರಾತ್ರಿ ಆದಮೇಲೆ ಸ್ವಲ್ಪ ಹೊತ್ತಿಗೆ ನಿಂತರೆ ಮತ್ತೆ ಶುರುವಾಗುವುದು ಬೆಳಗ್ಗೆ ಐದೂವರೆಗೆ. ಬಸ್ ಟೈಮೂ ನೋಡಿದ್ದೆ, ಮೆಟ್ರೋ ನಕ್ಷೆಯೂ ನೋಡಿದ್ದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಟ್ಯಾಕ್ಸಿ ಹಿಡಿದರು. 180 ಯೂರೋ. ಏರ್‌ಪೋರ್ಟ್‌ನಲ್ಲಿ ಇನ್ನೊಂದು ಪೇಚು. ಮೊಬೈಲ್‌ನಲ್ಲಿ ಚೆಕ್-ಇನ್ ಆಗಿದೆ ಅಂತ ಸೀದಾ ಒಳಗೆ ಹೋದರು. ಯೂರೋಪಿನದ್ದಲ್ಲದ ಪಾಸ್‌ಪೋರ್ಟ್ ಇದ್ದವರು ಮೊದಲು ಕೌಂಟರ್‌ನಲ್ಲಿ ವೀಸಾ ತೋರಿಸಿ ಬರಬೇಕು ಅನ್ನುವ ನಿಯಮ ಕೆಲವು ಅಗ್ಗದ ವಿಮಾನ ಕಂಪನಿಗಳಲ್ಲಿ ಇರುತ್ತದೆ. ಗೇಟಿನಿಂದ ವಾಪಸ್ ಕಳಿಸಿದರು. ಓಡಿ ಹೋಗಿ ತೋರಿಸಿ ಬರುವಷ್ಟರಲ್ಲಿ ಬ್ಯಾಗ್ ಅಳತೆ ಶುರುವಾಗಿತ್ತು. ಎರಡು ಬ್ಯಾಗ್ ಆ ಕಬ್ಬಿಣದ ಚೌಕಟ್ಟಿನೊಳಗೆ ಇಳಿಯಲಿಲ್ಲ. ಒಂದೊಂದಕ್ಕೆ 60 ಯೂರೋ.

ಮಧ್ಯಾಹ್ನ ನಾನೇ ಕೂತು ಲೆಕ್ಕ ಹಾಕಿದೆ. ಟಿಕೆಟ್ 75, ಟ್ಯಾಕ್ಸಿ 180, ಬ್ಯಾಗ್ 120, ರೋಮ್‌ನಲ್ಲಿ ಇಳಿದು ಊರೊಳಗೆ ಹೋಗಲು ಬಸ್ಸಿಗೆ 18. ಒಟ್ಟು 393 ಯೂರೋ. ತಲೆಗೆ 131 ಬಿತ್ತು. ನಾನು ಹುಡುಕಿದ 25 ಯೂರೋ ವಿಮಾನ! ಇದರ ಮೇಲೆ ದುಡ್ಡು ಕೊಟ್ಟ ಹೋಟೆಲಿನಲ್ಲಿ ಅರ್ಧ ರಾತ್ರಿ ನಿದ್ದೆ ಹೋಯಿತು, ರೋಮ್‌ನ ಮೊದಲ ದಿನ ಪೂರ್ತಿ ಮಲಗಿಯೇ ಕಳೆಯಿತು. ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರ ಆಗುತ್ತಿತ್ತೇನೋ.

ನಮ್ಮ ಸೀನಿಯರ್ ಮೇಡಂ ಆ ಪ್ಲಾನ್ ಪ್ರಿಂಟ್ ತೆಗೆಸಿ ಮುಂದೆ ಇಟ್ಟುಕೊಂಡರು. ವಿಮಾನದ ಬಗ್ಗೆ ಒಂದು ಮಾತೂ ಇಲ್ಲ. ಕೇಳಿದ್ದು ಒಂದೇ: "ಇದರಲ್ಲಿ ಪೆಟ್ಟಿಗೆ ಎಷ್ಟು ಸಲ ಮುಚ್ಚಬೇಕು, ಎಣಿಸು."

ಎಣಿಸಿದೆ. ಏಳು.

"ಪೆಟ್ಟಿಗೆ ಮುಚ್ಚಿದ ದಿನ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಹನ್ನೆರಡು ದಿನದಲ್ಲಿ ಮೂರೂವರೆ ದಿನ ಬರೀ ಪೆಟ್ಟಿಗೆ ಎಳೆದಿದ್ದಾರೆ. ಟಿಕೆಟ್ ಅಗ್ಗ ಮಾಡೋದು ಆಮೇಲೆ. ಮೊದಲು ಊರು ಕಡಿಮೆ ಮಾಡು."

ಅವತ್ತಿನಿಂದ ನನ್ನ ಶೀಟ್‌ನಲ್ಲಿ ದರದ ಕಾಲಂ ಪಕ್ಕ ಇನ್ನೆರಡು ಕಾಲಂ ಇವೆ. ಒಂದು, ಹೋಟೆಲ್ ಬಾಗಿಲಿನಿಂದ ಮುಂದಿನ ಹೋಟೆಲ್ ಬಾಗಿಲಿಗೆ ಎಷ್ಟು ಗಂಟೆ, ಎಷ್ಟು ಖರ್ಚು. ಎರಡು, ಪೆಟ್ಟಿಗೆ. 12 ದಿನಕ್ಕೆ ಪೆಟ್ಟಿಗೆ ನಾಲ್ಕು ದಾಟಿದರೆ ಆ ಸಾಲು ಕೆಂಪಾಗುವ ಹಾಗೆ ಮಾಡಿಟ್ಟಿದ್ದೇನೆ.

ಊರು ಕಡಿಮೆ ಮಾಡಿ ಅಂದರೆ ಕಸ್ಟಮರ್ ಮುಖ ಸಣ್ಣದಾಗುತ್ತದೆ. ಇಷ್ಟು ದೂರ ಹೋಗಿ ಮೂರೇ ಊರಾ ಅಂತ. ಆಗ ನಾನು ನಕ್ಷೆ ತೆಗೆಯುತ್ತೇನೆ. ಫ್ಲಾರೆನ್ಸ್‌ನಲ್ಲಿ ಪೆಟ್ಟಿಗೆ ಇಟ್ಟು ಪೀಸಾ, ಲುಕ್ಕಾ, ಸಿಯೆನಾ ಮೂರನ್ನೂ ಬೆಳಗ್ಗೆ ಹೋಗಿ ಸಂಜೆ ಬರಬಹುದು. ಬ್ರಸೆಲ್ಸ್‌ನಲ್ಲಿ ಇದ್ದುಕೊಂಡು ಗೆಂಟ್‌ಗೆ ಅರ್ಧ ಗಂಟೆ, ಬ್ರೂಜ್‌ಗೆ ಒಂದು ಗಂಟೆ. ವಿಯೆನ್ನಾದಿಂದ ಬ್ರಾಟಿಸ್ಲಾವಾ ರೈಲಿನಲ್ಲಿ ಒಂದು ಗಂಟೆ ಅಷ್ಟೇ, ಇನ್ನೊಂದು ದೇಶದ ರಾಜಧಾನಿಯೇ ನೋಡಿದ ಹಾಗಾಯಿತು. ಊರೂ ಕಮ್ಮಿ ಆಗಲಿಲ್ಲ, ಪೆಟ್ಟಿಗೆಯೂ ಮುಚ್ಚಲಿಲ್ಲ. ಇನ್ನೊಂದು, ಹೋದ ಊರಿನಿಂದಲೇ ವಾಪಸ್ ಬರಬೇಕು ಅಂತ ಹಟ ಬೇಡ. ಪ್ಯಾರಿಸ್‌ನಲ್ಲಿ ಇಳಿದು ರೋಮ್‌ನಿಂದ ಹತ್ತುವ ಟಿಕೆಟ್ ಒಮ್ಮೊಮ್ಮೆ ಸ್ವಲ್ಪ ಜಾಸ್ತಿ ಕಾಣುತ್ತದೆ. ಆದರೆ ಪ್ಯಾರಿಸ್‌ಗೆ ಮರಳುವ ಖರ್ಚು, ಒಂದು ದಿನ, ಒಂದು ರಾತ್ರಿಯ ರೂಮು ಸೇರಿಸಿ ನೋಡಿ.

ರೈಲಿನ ವಿಷಯದಲ್ಲಿ ಜನಕ್ಕೆ ಇರುವ ದೊಡ್ಡ ತಪ್ಪು ತಿಳುವಳಿಕೆ ಅಂದರೆ ಎಲ್ಲವನ್ನೂ ಮುಂಚೆಯೇ ಬುಕ್ ಮಾಡಬೇಕು ಅನ್ನುವುದು. ಇಲ್ಲವಾದರೆ ಅದರ ಉಲ್ಟಾ, ಯೂರೋಪಿನ ಹಲವು ದೇಶಗಳ ರೈಲಿಗೆ ನಡೆಯುವ ಯೂರೈಲ್ ಪಾಸ್ ತಗೊಂಡರೆ ಏನೂ ಬುಕ್ ಮಾಡಬೇಕಿಲ್ಲ ಅನ್ನುವುದು. ಇಟಲಿಯಲ್ಲಿ ರೋಮ್‌ನಿಂದ ಫ್ಲಾರೆನ್ಸ್‌ಗೆ ಹೋಗುವ ವೇಗದ ರೈಲಿಗೆ ದಿನ ಹತ್ತಿರ ಬಂದಂತೆ ದರ ಏರುತ್ತದೆ. ಅದನ್ನು ಮುಂಚೆ ತಗೊಳ್ಳಿ. ಆದರೆ ಫ್ಲಾರೆನ್ಸ್‌ನಿಂದ ಪೀಸಾಗೆ ಹೋಗುವ ರೀಜನಲ್ ರೈಲಿನ ದರ ತಿಂಗಳ ಮುಂಚೆಯೂ ಅಷ್ಟೇ, ಹತ್ತುವ ಐದು ನಿಮಿಷ ಮುಂಚೆಯೂ ಅಷ್ಟೇ. ಅದನ್ನು ಮುಂಚೆ ಬುಕ್ ಮಾಡಿ ಸುಮ್ನೆ ಕೈಕಾಲು ಕಟ್ಟಿಕೊಳ್ಳಬೇಡಿ. ಮಳೆ ಬಂದರೆ ನಾಳೆ ಹೋಗಬಹುದಲ್ವಾ? ಕಾಗದದ ಟಿಕೆಟ್ ತಗೊಂಡರೆ ಮಾತ್ರ ಹತ್ತುವ ಮುಂಚೆ ಪ್ಲಾಟ್‌ಫಾರಂ ಹತ್ತಿರದ ಪುಟ್ಟ ಮೆಷಿನ್‌ಗೆ ತುರುಕಿ ಮುದ್ರೆ ಹಾಕಿಸಿಕೊಳ್ಳಬೇಕು. ದುಡ್ಡು ಕೊಟ್ಟು ಟಿಕೆಟ್ ತಗೊಂಡೂ ದಂಡ ಕಟ್ಟಿ ಬಂದವರು ನನ್ನ ಕಸ್ಟಮರ್‌ಗಳಲ್ಲೇ ಇದ್ದಾರೆ.

ಪಾಸ್ ಕೆಟ್ಟದ್ದೇನಲ್ಲ. ಜರ್ಮನಿ, ಆಸ್ಟ್ರಿಯಾ ಕಡೆ ಹೆಚ್ಚಿನ ರೈಲುಗಳಿಗೆ ಸೀಟು ಕಾಯ್ದಿರಿಸುವುದು ಕಡ್ಡಾಯವಿಲ್ಲ, ಅಲ್ಲಿ ಜಾಸ್ತಿ ಓಡಾಡುವವರಿಗೆ ಅನುಕೂಲ. ಫ್ರಾನ್ಸ್, ಇಟಲಿ, ಸ್ಪೇನ್‌ನ ವೇಗದ ರೈಲುಗಳಿಗೆ ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು ಕೊಡಬೇಕು. ನಾಲ್ಕು ಸಲ ರೈಲು ಹತ್ತುವವರಿಗೆ ಬಿಡಿ ಟಿಕೆಟ್ಟೇ ಸಾಕು ಅಂತ ನಾನು ನೇರವಾಗಿ ಹೇಳಿಬಿಡುತ್ತೇನೆ. ಪಾಸ್ ಮಾರಿದರೆ ಆಫೀಸಿಗೆ ಕಮಿಷನ್ ಇದೆ, ಅದು ಬೇರೆ ಮಾತು.

ಸ್ವಿಟ್ಜರ್ಲೆಂಡ್ ಬಗ್ಗೆ ಕೇಳದವರಿಲ್ಲ. ಕಡಿಮೆ ಖರ್ಚಿನ ಪ್ರವಾಸದಲ್ಲಿ ಅದನ್ನು ಬಿಟ್ಟುಬಿಡಿ ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ. ಯಾರೂ ಬಿಡುವುದಿಲ್ಲ. ಹಾಗಾಗಿ ಈಗ ಎರಡು ರಾತ್ರಿ ಲೌಟರ್‌ಬ್ರುನೆನ್ ಕಣಿವೆಯಲ್ಲಿ ಹಾಕುತ್ತೇನೆ. ಸುಮಾರು 300 ಮೀಟರ್ ಎತ್ತರದ ಸ್ಟಾಬ್‌ಬಾಖ್ ಜಲಪಾತ ಊರಿನ ಬೀದಿಯಿಂದಲೇ ಕಾಣುತ್ತದೆ, ನೋಡಲು ಟಿಕೆಟ್ ಇಲ್ಲ. 3,454 ಮೀಟರ್ ಮೇಲಿನ ಯುಂಗ್‌ಫ್ರಾವ್‌ಯೋಖ್ ಸ್ಟೇಷನ್‌ಗೆ ಹೋಗಲೇಬೇಕು ಅನ್ನುವವರು ಹಾಫ್ ಫೇರ್ ಕಾರ್ಡ್ ಲೆಕ್ಕ ಹಾಕಿ ನೋಡಬೇಕು. ಹೆಚ್ಚಿನ ರೈಲು, ಬಸ್, ದೋಣಿಗೆ ಅರ್ಧ ದರ, ಬೆಟ್ಟದ ರೈಲುಗಳಲ್ಲೂ ಬಹಳಷ್ಟಕ್ಕೆ ಸಿಗುತ್ತದೆ. ಅಲ್ಲಿ ದುಡ್ಡು ಯೂರೋ ಅಲ್ಲ, ಫ್ರಾಂಕ್. ಇದನ್ನೇ ಮರೆತು ಬಜೆಟ್ ಹಾಕಿದವರೂ ಇದ್ದಾರೆ.

ವೀಸಾ ವಿಷಯದಲ್ಲಿ ನಾನು ಇನ್ನೊಂದು ಎಡವಟ್ಟು ಮಾಡುವುದರಲ್ಲಿದ್ದೆ. ಯೂರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಗೆ ಜಾಸ್ತಿ ದಿನ ಇರುವ ದೇಶದ ಕಡೆಯಲ್ಲಿ ಅರ್ಜಿ ಹಾಕಬೇಕು. ದಿನ ಸಮ ಇದ್ದರೆ ಮೊದಲು ಕಾಲಿಡುವ ದೇಶ. ಒಂದು ದಂಪತಿಗೆ ಇಟಲಿ ಐದು ರಾತ್ರಿ, ಫ್ರಾನ್ಸ್ ನಾಲ್ಕು ರಾತ್ರಿ ಇತ್ತು. ಇಟಲಿಯ ಅರ್ಜಿ ಪೂರ್ತಿ ತಯಾರಾಗಿತ್ತು. ಕೊನೆಗೆ ಅಗ್ಗದ ರೂಮ್ ಸಿಕ್ಕಿತು ಅಂತ ಒಂದು ರಾತ್ರಿಯನ್ನು ಆ ಕಡೆಯಿಂದ ಈ ಕಡೆ ಜರುಗಿಸಿದೆ. 30 ಯೂರೋ ಉಳಿಯಿತು ಅಂತ ಖುಷಿ ಬೇರೆ. ಈಗ ಇಟಲಿ ನಾಲ್ಕು, ಫ್ರಾನ್ಸ್ ಐದು ಆಯಿತಲ್ಲ! ಅಪಾಯಿಂಟ್‌ಮೆಂಟ್‌ಗೆ ಎರಡು ದಿನ ಮುಂಚೆ ಮೇಡಂ ಕಣ್ಣಿಗೆ ಬಿತ್ತು, ಬದುಕಿದೆ. 2024ರ ಜೂನ್‌ನಿಂದ ದೊಡ್ಡವರಿಗೆ ವೀಸಾ ಶುಲ್ಕ 90 ಯೂರೋ, ತಿರಸ್ಕಾರ ಆದರೆ ಅದು ವಾಪಸ್ ಬರುವುದಿಲ್ಲ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದಲೇ ಹಾಕಬಹುದು. ಕೊನೆಯ ಗಡುವು 15 ದಿನ ಮುಂಚೆ, ಆದರೆ ಅಲ್ಲಿವರೆಗೂ ಕಾಯುವ ಧೈರ್ಯ ಯಾರೂ ಮಾಡಬೇಡಿ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕೇ ಬೇಕು. ವೀಸಾ ಕೈಗೆ ಬರುವವರೆಗೆ ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಸಿಗುವ ಹೋಟೆಲ್ ಮಾತ್ರ ಹಿಡಿಯಿರಿ, ನಾಲ್ಕು ಯೂರೋ ಜಾಸ್ತಿ ಆದರೂ ಪರವಾಗಿಲ್ಲ. ಲಂಡನ್ ಸೇರಿಸುತ್ತೀರಾ ಅಂದರೆ ಅದಕ್ಕೆ ಬೇರೆಯೇ ವೀಸಾ, ಬೇರೆಯೇ ಶುಲ್ಕ. ಅಗ್ಗದ ಪ್ಲಾನ್‌ನಿಂದ ನಾನು ಮೊದಲು ಹೊಡೆದುಹಾಕುವುದೇ ಅದನ್ನು.

ಹೋಟೆಲ್ ದರದ ಕೆಳಗೆ ಸಣ್ಣ ಅಕ್ಷರದಲ್ಲಿ ಸಿಟಿ ಟ್ಯಾಕ್ಸ್ ಅಂತ ಇರುತ್ತದೆ. ಆನ್‌ಲೈನ್‌ನಲ್ಲಿ ಕಟ್ಟಿದ ಮೊತ್ತದಲ್ಲಿ ಎಷ್ಟೋ ಸಲ ಅದು ಸೇರಿರುವುದಿಲ್ಲ, ಕೌಂಟರ್‌ನಲ್ಲಿ ಕೇಳುತ್ತಾರೆ. ರೋಮ್‌ನಲ್ಲಿ ಮೂರು ಸ್ಟಾರ್ ಹೋಟೆಲಿಗೆ ಒಬ್ಬರಿಗೆ ಒಂದು ರಾತ್ರಿಗೆ 6 ಯೂರೋ. ಮೂರು ಜನ, ನಾಲ್ಕು ರಾತ್ರಿ ಅಂದರೆ 72. ಆಮ್‌ಸ್ಟರ್‌ಡಾಮ್‌ನಲ್ಲಿ 2024ರಿಂದ ರೂಮ್ ದರದ ಶೇಕಡ 12.5. ಮೊದಲೇ ಹೇಳಿದ್ದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹೇಳದೇ ಇದ್ದರೆ ನಾವು ಮೋಸ ಮಾಡಿದೆವು ಅಂದುಕೊಳ್ಳುತ್ತಾರೆ.

ಪುಕ್ಕಟೆ ದಿನಗಳ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆ. ಇಟಲಿಯಲ್ಲಿ ತಿಂಗಳ ಮೊದಲ ಭಾನುವಾರ ಕೊಲೋಸಿಯಂ ಸೇರಿ ಸರ್ಕಾರಿ ಮ್ಯೂಸಿಯಂಗಳಿಗೆ ಟಿಕೆಟ್ ಇಲ್ಲ. ವ್ಯಾಟಿಕನ್ ಮ್ಯೂಸಿಯಂಗೆ ಕೊನೆಯ ಭಾನುವಾರ, ಅದೂ ಮಧ್ಯಾಹ್ನದವರೆಗೆ. ಮೊದಮೊದಲು ಇಡೀ ಪ್ಲಾನನ್ನೇ ಈ ಭಾನುವಾರಗಳಿಗೆ ಹೊಂದಿಸುತ್ತಿದ್ದೆ. ಹೋದವರು ಕಂಡಿದ್ದು ಮುಂದಿನವರ ಬೆನ್ನು. ಅದರ ಬದಲು ದಿನಾಲೂ ಪುಕ್ಕಟೆ ಇರುವುದನ್ನು ನೋಡಿಸುವುದೇ ಮೇಲು. 2024ರ ಡಿಸೆಂಬರ್‌ನಲ್ಲಿ ಮತ್ತೆ ಬಾಗಿಲು ತೆರೆದ ಪ್ಯಾರಿಸ್‌ನ ನೋತ್ರ್ ದಾಮ್, ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಬಸಿಲಿಕಾ, ಮುಂಚೆ ಹೆಸರು ಬರೆಸಿದರೆ ಬರ್ಲಿನ್‌ನ ಸಂಸತ್ ಭವನದ ಗಾಜಿನ ಗುಮ್ಮಟ. ಅಂದ ಹಾಗೆ ಪ್ಯಾರಿಸ್‌ನ ಮ್ಯೂಸಿಯಂಗಳಲ್ಲಿ ಲೂವ್ರ್ ಮಂಗಳವಾರ ರಜೆ, ಓರ್ಸೆ ಸೋಮವಾರ ರಜೆ. ಇದನ್ನು ಅದಲು ಬದಲು ಬರೆದು ಒಂದು ಮನೆಯವರನ್ನು ಎರಡು ದಿನವೂ ಮುಚ್ಚಿದ ಬಾಗಿಲ ಮುಂದೆ ನಿಲ್ಲಿಸಿದ ಪುಣ್ಯ ನನ್ನದು.

ಊಟಕ್ಕೆ ಹೆಚ್ಚು ಹೇಳುವುದಿಲ್ಲ. ಮಧ್ಯಾಹ್ನ ಹೊರಗೆ, ರಾತ್ರಿ ಸೂಪರ್ ಮಾರ್ಕೆಟ್. ಸ್ಪೇನ್‌ನಲ್ಲಿ ಮಧ್ಯಾಹ್ನದ 'ಮೆನು ದೆಲ್ ದಿಯಾ' ಅಂತ ಕೇಳಿ, ಒಂದೇ ದರಕ್ಕೆ ಹೊಟ್ಟೆ ತುಂಬುತ್ತದೆ. ಇಟಲಿಯಲ್ಲಿ ಕಾಫಿಯನ್ನು ಕೌಂಟರ್ ಹತ್ತಿರ ನಿಂತು ಕುಡಿದರೆ ಒಂದು ದರ, ಕೂತರೆ ಇನ್ನೊಂದು. ಪ್ಯಾರಿಸ್ ಹೋಟೆಲಿನಲ್ಲಿ 'ಕರಾಫ್ ದೋ' ಅಂದರೆ ನಲ್ಲಿ ನೀರು ಜಗ್‌ನಲ್ಲಿ ತಂದಿಡುತ್ತಾರೆ, ದುಡ್ಡಿಲ್ಲ. ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ತಂದಿಟ್ಟುಕೊಳ್ಳಿ. ಪ್ರಾಗ್, ಬುಡಾಪೆಸ್ಟ್‌ನಲ್ಲಿ ಊಟ, ರೂಮು ಎರಡೂ ಪ್ಯಾರಿಸ್‌ಗಿಂತ ಅಗ್ಗ. ಆದರೆ ಅಲ್ಲಿ ಕೊರುನಾ, ಫೋರಿಂಟ್. ಎಟಿಎಂ ಅಥವಾ ಕಾರ್ಡ್ ಮೆಷಿನ್ "ನಿಮ್ಮ ದೇಶದ ದುಡ್ಡಿನಲ್ಲಿ ಕಟ್ಟುತ್ತೀರಾ" ಅಂತ ವಿನಯದಿಂದ ಕೇಳುತ್ತದೆ. ಬೇಡ ಅನ್ನಿ. ಆ ವಿನಯಕ್ಕೆ ಅದು ಹಾಕುವ ವಿನಿಮಯ ದರ ದುಬಾರಿ.

ಮೇಷ್ಟ್ರ ಮಗಳು ಹೋದ ವರ್ಷ ಮತ್ತೆ ಆಫೀಸಿಗೆ ಬಂದಿದ್ದಳು. ನಾನೇ ಪ್ಲಾನ್ ಮಾಡಬೇಕಂತೆ. ಸೆಪ್ಟೆಂಬರ್ ಕೊನೆಗೆ ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್. ಹತ್ತು ರಾತ್ರಿ, ಎಲ್ಲಾ ರೈಲು. ಪ್ರಾಗ್‌ನಿಂದ ವಿಯೆನ್ನಾ ನಾಲ್ಕು ಗಂಟೆ, ಅಲ್ಲಿಂದ ಬುಡಾಪೆಸ್ಟ್ ಮೂರು ಗಂಟೆಯೊಳಗೆ. ಪೆಟ್ಟಿಗೆ ಕಾಲಂನಲ್ಲಿ ಮೂರು ಅಂತ ಬಂತು. ಪ್ರಿಂಟ್ ಕೊಟ್ಟೆ. ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು ಕನ್ನಡಕ ಹಾಕಿಕೊಂಡು ಮೊದಲ ಪುಟ ಬಿಟ್ಟು ಸೀದಾ ಕೊನೆಯ ಪುಟಕ್ಕೆ ಹೋದರು, ವಾಪಸ್ ವಿಮಾನ ಇರುವ ಕಡೆ.

"ಮಧ್ಯಾಹ್ನ ಎರಡೂವರೆಗಾ?"

"ಹೌದು ಸರ್."

"ಅಷ್ಟೊತ್ತಿಗೆ ಮೆಟ್ರೋ ಇರುತ್ತಲ್ವಾ ಅಮ್ಮಾ?"